ಸದ್ದು ಮಾಡದ ಕಪ್

ಜೂನ್ 4

ಪ್ರೀತಿಯ ಪುಟ್ಟಿ,

ಬಂದು ಸೇರಿದೆ. ಬಸ್ಸು ಗುಡ್ಡದ ಮೇಲೆ ಆಸ್ಪತ್ರೆಯ ಗೇಟಿನವರೆಗೂ ಬರುವುದಿಲ್ಲ. ಕೆಳಗಿನ ತಿರುವಿನಲ್ಲಿ ನಿಲ್ಲಿಸಿ, ಕಂಡಕ್ಟರ್ ನನ್ನ ಚೀಲವನ್ನು ಕೈಯಲ್ಲಿ ಮುಟ್ಟದೆ ಬೂಟಿನಿಂದ ತಳ್ಳಿ ಇಳಿಸಿದ. ಟಿಬಿ ಆಸ್ಪತ್ರೆಗೆ ಟಿಕೆಟ್ ಕೇಳಿದವನನ್ನು ಇನ್ನು ಹೇಗೆ ಇಳಿಸಬೇಕು ಹೇಳು.

ಆಫೀಸಿನಲ್ಲಿ ಒಂದು ಫೋನ್ ಇದೆ. ಆದರೆ ಎರಡು ಮಾತಾಡುವಷ್ಟರಲ್ಲಿ ನನಗೆ ಕೆಮ್ಮು ಬರುತ್ತದೆ. ಆ ಕಡೆ ಗುಬ್ಬಿ ಅಪ್ಪನ ಕೆಮ್ಮು ಕೇಳಿಸಿಕೊಂಡರೆ ಹೆದರಿಕೊಂಡಾಳು. ಅದಕ್ಕೇ ಬರೆಯುತ್ತೇನೆ. ನೀನು ಸಾಹಿತ್ಯ ಓದಿದವಳು, ತಪ್ಪು ಹುಡುಕಿ ನಗಬೇಡ. ಶಾಲೆ ಬಿಟ್ಟ ಮೇಲೆ ನಾನು ಬರೆದದ್ದೆಲ್ಲ ಚದರಡಿ ಲೆಕ್ಕ.

ಇಲ್ಲಿನ ನೆಲ ನೋಡಿದರೆ ಹೊಟ್ಟೆ ಉರಿಯುತ್ತದೆ. ಯಾವನೋ ಮಹಾನುಭಾವ ಟೈಲ್ಸ್ ಕೂರಿಸಿದ್ದಾನೆ, ಮೋರಿಯ ಕಡೆಗೆ ಇಳಿಜಾರಿನ ವಾಟವೇ ಇಲ್ಲ. ವಾರ್ಡ್ ಒರೆಸಿದ ನೀರೆಲ್ಲ ಹರಿದು ಬಂದು ನನ್ನ ಮಂಚದ ಕೆಳಗೆ ನಿಲ್ಲುತ್ತದೆ. ಬಗ್ಗಿ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದೆ, ಅರ್ಧಕ್ಕರ್ಧ ಟೊಳ್ಳು. ಪಕ್ಕದ ಮಂಚದ ಮುದುಕರು, "ಏನ್ರೀ, ಕೆಳಗಿನ ಮನೆಯವರು ಬಾಗಿಲು ತೆಗೀತಾರಾ?" ಎಂದರು. ಅವರೂ ಒಂದು ಕಾಲದಲ್ಲಿ ಬಸ್ ಕಂಡಕ್ಟರಂತೆ, ಇದೇ ರಸ್ತೆಯಲ್ಲಿ. ನನ್ನ ಚೀಲದ ಕಥೆ ಹೇಳಿದೆ. "ನಾನಾಗಿದ್ರೆ ಚೀಲದ ಜೊತೆ ನಿಮ್ಮನ್ನೂ ತಳ್ತಿದ್ದೆ. ಎಷ್ಟು ಜನರನ್ನ ತಳ್ಳಿದೀನಿ ಆ ತಿರುವಲ್ಲಿ!" ಎಂದು ನಕ್ಕರು. ನಗು ಕೆಮ್ಮಿಗೆ ತಿರುಗಿತು. ನಮ್ಮ ವಾರ್ಡಿನಲ್ಲಿ ನಗುವುದೆಂದರೆ ಹಾಗೆಯೇ.

ಡಾಕ್ಟರ್ ಕೂಡ ನಮ್ಮ ಕಸುಬಿನವರೇ. ಬೆನ್ನ ಮೇಲೆ ಒಂದು ಬೆರಳಿಟ್ಟು, ಇನ್ನೊಂದು ಬೆರಳಿನಿಂದ ತಟ್ಟುತ್ತಾ ಕಿವಿಗೊಟ್ಟು ಕೇಳುತ್ತಾರೆ. ನಾನು ಟೈಲ್ಸ್ ಕೂರಿಸಿದ ಮೇಲೆ ತಟ್ಟುತ್ತೇನಲ್ಲ, ಹಾಗೇ. ಆದರೆ ಲೆಕ್ಕ ತಿರುಗಾಮುರುಗ. ನಮ್ಮಲ್ಲಿ ಟೊಳ್ಳು ಸದ್ದು ಬಂದರೆ ಕೆಲಸ ಕೆಟ್ಟಿದೆ ಎಂದರ್ಥ. ಅವರಿಗೆ ಟೊಳ್ಳು ಕೇಳಿಸಬೇಕಂತೆ. ಗಟ್ಟಿ ಸದ್ದು ಬಂದರೆ ಆ ಜಾಗ ಕೆಟ್ಟಿದೆ ಎಂದು. ನನ್ನದು ಎಡಗಡೆ ಟೊಳ್ಳು, ಬಲಗಡೆ ಕೆಳಗೆ ಸ್ವಲ್ಪ ಗಟ್ಟಿ. ಆರು ತಿಂಗಳು ಮಾತ್ರೆ. ಎರಡು ತಿಂಗಳೊಳಗೆ ಕಫದ ಪರೀಕ್ಷೆ ಚೆನ್ನಾಗಿ ಬಂದರೆ ಎರಡು ದಿನದ ಮಟ್ಟಿಗೆ ಮನೆಗೆ ಬಿಡುತ್ತಾರೆ. ನಾನು ಕಾಯುತ್ತಿರುವುದು ಅದಕ್ಕೆ.

ಒಂದು ಉಪಕಾರ ಮಾಡು. ಇಲ್ಲಿ ಒಬ್ಬೊಬ್ಬರಿಗೂ ಮಂಚದ ನಂಬರ್ ಬರೆದ ಎನಾಮಲ್ ಮಗ್ ಕೊಡುತ್ತಾರೆ. ಟೀ ಏನೂ ಕೆಟ್ಟದಾಗಿಲ್ಲ, ಬಿಸಿಬಿಸಿಯಾಗಿಯೇ ತರುತ್ತಾರೆ. ಆದರೆ ಮಗ್ಗಿನ ಅಂಚು ಟೀಗಿಂತ ಬಿಸಿ. ಅಂಚು ತುಟಿಗೆ ತಡೆಯುವಷ್ಟು ಆರುವ ಹೊತ್ತಿಗೆ ಒಳಗಿನ ಟೀ ತಣ್ಣಗೆ ಕೊರೆಯುತ್ತಿರುತ್ತದೆ. ಬಣ್ಣ ಎದ್ದುಹೋದ ಕಡೆಯಿಂದ ತಗಡಿನ ರುಚಿ ಬೇರೆ. ನನ್ನ ಕಪ್ ಕಳಿಸಿಕೊಡು. ಅದೇ, ನೀಲಿ ಗೆರೆಯದ್ದು. ಅಂಚಿನಿಂದ ಗೆರೆಯವರೆಗೆ ಬಿರುಕು ಇದೆಯಲ್ಲ, ತಟ್ಟಿದರೆ ಬರೀ ಟಪ್ ಎನ್ನುತ್ತದಲ್ಲ, ಅದು. ಗುಬ್ಬಿ ಅದನ್ನು "ಮೂಗ ಕಪ್" ಎನ್ನುತ್ತಾಳೆ.

ನಿನ್ನ ಅಣ್ಣ


ಜೂನ್ 13

ಅಣ್ಣಾ,

ನಿನ್ನ ಪತ್ರ ಬಂತು. ಗುಬ್ಬಿಗೆ ಓದಿ ಹೇಳಿದೆ, ಬೂಟಿನ ವಿಷಯ ಬಿಟ್ಟು. ನೆಲ ತಟ್ಟಿದ್ದನ್ನು ಕೇಳಿ ನಕ್ಕಳು. ಅಂದಿನಿಂದ ಅವಳೂ ಮನೆಯ ನೆಲವನ್ನೆಲ್ಲ ತಟ್ಟುತ್ತಿದ್ದಾಳೆ. ಎಲ್ಲೂ ಟೊಳ್ಳಿಲ್ಲ ಎಂದು ನಿನಗೆ ತಿಳಿಸಬೇಕಂತೆ. ನೀನೇ ಹಾಕಿದ ನೆಲವಲ್ಲವೇ.

ನನಗೆ ಕೆಲಸ ಸಿಕ್ಕಿತು. ಪಿಂಗಾಣಿ ಅಂಗಡಿಯಲ್ಲಿ. ಪಾಠ ಹೇಳುವ ಕೆಲಸಕ್ಕೆ ಬಾಯಿ ಬೇಕು, ಅದು ನನಗಿಲ್ಲ ಎಂದು ನಿನಗೇ ಗೊತ್ತು. ಇಲ್ಲಿ ಕಪ್‌ಗಳ ನಡುವೆ ಸುಮ್ಮನೆ ನಿಂತಿದ್ದರೆ ಸಾಕು. ಗಿರಾಕಿಗಳನ್ನು ನೋಡುವುದೇ ಒಂದು ಚೆಂದ ಅಣ್ಣಾ. ಬಣ್ಣ ನೋಡುತ್ತಾರೆ, ಹೂವು ನೋಡುತ್ತಾರೆ, ಬೆಲೆ ಕೇಳುತ್ತಾರೆ. ಕೊನೆಗೆ ಆಚೀಚೆ ಯಾರಾದರೂ ನೋಡುತ್ತಿದ್ದಾರಾ ಎಂದು ಕಣ್ಣು ಹಾಯಿಸಿ, ಖಾಲಿ ಕಪ್ಪನ್ನು ತುಟಿಗಿಟ್ಟು ಇಲ್ಲದ ಟೀಯನ್ನು ಒಂದು ಗುಟುಕು ಕುಡಿಯುತ್ತಾರೆ. ಎಂಥ ದೊಡ್ಡ ಮನುಷ್ಯರೂ ಇದಕ್ಕೆ ಹೊರತಲ್ಲ. ತುಟಿ ಒಪ್ಪಿದರೆ ವ್ಯಾಪಾರ ಆಯಿತೆಂದೇ ಲೆಕ್ಕ. ಆಮೇಲೆ ನಾನು ಆ ಅಂಚನ್ನು ಬಟ್ಟೆಯಿಂದ ಒರೆಸಿ ಮತ್ತೆ ಕಪಾಟಿನಲ್ಲಿಡಬೇಕು. ಮೊನ್ನೆ ಒಬ್ಬ ಹೆಂಗಸು ಆರು ಬಗೆಯ ಕಪ್‌ಗಳಲ್ಲಿ ಗಾಳಿ ಕುಡಿದು, "ಯಾವುದರಲ್ಲೂ ಸಕ್ಕರೆ ಸಾಲದು" ಎಂದು ಹೋದಳು. ತಮಾಷೆಗೆ ಹೇಳಿದಳೋ ನಿಜಕ್ಕೋ ನನಗೆ ಇನ್ನೂ ಗೊತ್ತಾಗಿಲ್ಲ.

ಅಂಗಡಿಯ ಯಜಮಾನರು ಮೊದಲ ದಿನವೇ ನನಗೆ ಕಪ್ ತಟ್ಟುವುದನ್ನು ಕಲಿಸಿದರು. "ಕಟ್ಟಿ ಕೊಡೋ ಮುಂಚೆ ಉಗುರಲ್ಲಿ ತಟ್ಟು. ಗಂಟೆ ಹಾಗೆ ಕೇಳಿಸ್ಬೇಕು. ಸದ್ದು ಮಾಡದ ಕಪ್ ಕೊಟ್ರೆ ನಾಳೆ ವಾಪಸ್ ತಂದು ನಿನ್ನ ತಲೆ ಮೇಲೆ ಇಡ್ತಾರೆ" ಎಂದರು. ಈಗ ಕೈಗೆ ಯಾವ ಕಪ್ ಬಂದರೂ ನನ್ನ ಉಗುರು ತಾನಾಗಿಯೇ ಹೋಗುತ್ತದೆ. ನಿನ್ನ ಚಾಳಿ ನನಗೂ ಅಂಟಿತು.

ಅತ್ತಿಗೆ ಚೆನ್ನಾಗಿದ್ದಾರೆ. ಮನೆಗೆಲ್ಲ ಸುಣ್ಣ ಹೊಡೆಸಿದರು. ಗೋಡೆ ಮಾಸಿತ್ತು, ಹೇಗೂ ಹೊಡೆಸಬೇಕಿತ್ತು.

ಕಪ್ಪಿನ ವಿಷಯ: ಅಂಚೆಯಲ್ಲಿ ಕಳಿಸಿದರೆ ಒಡೆದೀತು ಎಂದು ಭಯ. ಮೊದಲೇ ಬಿರುಕು ಬಿಟ್ಟದ್ದು. ನೀನು ಬರುವವರೆಗೆ ಇಲ್ಲೇ ಇರಲಿ ಅಲ್ಲವೇ?

ನಿನ್ನ ಪುಟ್ಟಿ


ಜೂನ್ 24

ಪುಟ್ಟಿ,

ಪಿಂಗಾಣಿ ಅಂಗಡಿಯಲ್ಲಿ ಕೆಲಸ ಮಾಡುವವಳಿಗೆ ಒಂದು ಕಪ್ ಕಟ್ಟಿ ಕಳಿಸಲು ಭಯವೇ? ಪಕ್ಕದ ಮಂಚದ ಕಂಡಕ್ಟರಿಗೆ ಓದಿ ಹೇಳಿದೆ. "ನಿಮ್ಮ ತಂಗಿ ಟಿಕೆಟ್ ಕೊಡೋಕೆ ಹಿಂದೆಮುಂದೆ ನೋಡ್ತಿದಾಳೆ, ಬಸ್ಸಲ್ಲಿ ಏನೋ ಇದೆ" ಎಂದರು. ಅವರು ಸುಮ್ಮನೆ ಏನಾದರೂ ಹೇಳುತ್ತಿರುತ್ತಾರೆ.

ನಿನಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಇಡೀ ದಿನದಲ್ಲಿ ಇಲ್ಲಿ ನನ್ನದು ಎನ್ನುವುದು ಏನೂ ಇಲ್ಲ. ಅಂಗಿ ಅವರದು, ಹೊದಿಕೆ ಅವರದು, ಕೆಮ್ಮಿಗೂ ಒಂದು ಡಬ್ಬಿ ಕೊಟ್ಟಿದ್ದಾರೆ. ಟೀ ಬಂದಾಗ ಎಲ್ಲರೂ ಮಗ್ಗಿಗೆ ಟವೆಲ್ ಸುತ್ತಿ ಹಿಡಿದು ಊದುತ್ತಾ ಕೂರುತ್ತೇವೆ. ಆಗ ನನಗೆ ನಮ್ಮ ಅಡುಗೆಮನೆಯ ಮೆಟ್ಟಿಲು ನೆನಪಾಗುತ್ತದೆ. ನಿನ್ನ ಅತ್ತಿಗೆ ಒಳಗಿನಿಂದ ಕೈ ಚಾಚಿ ಕಪ್ ಕೊಡುವುದು, ಗುಬ್ಬಿ ಓಡಿ ಬಂದು ಮೊದಲು ತಟ್ಟುವುದು, "ಮೂಗ ಇನ್ನೂ ಮೂಗನೇ ಅಪ್ಪಾ" ಎನ್ನುವುದು, ತಳದಲ್ಲಿ ಉಳಿದ ಒಂದು ಗುಟುಕು ಅವಳಿಗೆ. ಅದೇ ಕಪ್ಪಿನಲ್ಲಿ ಕುಡಿದರೆ ಈ ಟೀ ಕೂಡ ಬೇರೆಯಾಗುತ್ತದೆ ಎಂದು ನನಗೆ ಖಂಡಿತ ಗೊತ್ತು. ಸಣ್ಣ ಹಿಡಿ, ಒಂದೇ ಬೆರಳು ಹಿಡಿಸುವುದು, ಅದೂ ಬೇಕು.

ಇಲ್ಲಿ ಒಂದು ಪದ್ಧತಿ ಇದೆ. ಯಾರಾದರೂ ವಾರ್ಡ್ ಬಿಟ್ಟರೆ ಅಡುಗೆಮನೆಯ ಹಿಂದೆ ಅವರ ಮಗ್ಗಿನ ತಳಕ್ಕೆ ಮೊಳೆ ಇಟ್ಟು ಸುತ್ತಿಗೆಯಲ್ಲಿ ಹೊಡೆದು ತೂತು ಮಾಡುತ್ತಾರೆ. ಇನ್ನೊಬ್ಬರು ಅದರಲ್ಲಿ ಕುಡಿಯಬಾರದು ಎಂದು. ವಾಸಿಯಾಗಿ ಗೇಟಿನಿಂದ ಹೋದವರಿಗೂ ಅದೇ ತೂತು, ಹಿಂದಿನ ಬಾಗಿಲಿನಿಂದ ಹೋದವರಿಗೂ ಅದೇ. ಠಣ್ ಎಂದು ಸದ್ದು ಕೇಳಿಸಿದರೆ ಎಲ್ಲರೂ ಕತ್ತೆತ್ತಿ ಯಾವ ಮಂಚ ಖಾಲಿ ಎಂದು ನೋಡುತ್ತೇವೆ. ಕಂಡಕ್ಟರ್ ಮಾತ್ರ, "ಯಾರೋ ಇಳಿದ್ರು. ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ" ಎನ್ನುತ್ತಾರೆ.

ಹುಲ್ಲಿನಲ್ಲಿ ಸುತ್ತಿ ಕಳಿಸು. ಒಡೆದರೆ ಚೂರನ್ನಾದರೂ ನೋಡುತ್ತೇನೆ.

ಅಣ್ಣ


ಜುಲೈ 8

ಅಣ್ಣಾ,

ಕಪ್ ಕಳಿಸಿದ್ದೇನೆ. ಮೊದಲು ತೆಳುವಾದ ಕಾಗದ, ಆಮೇಲೆ ಹುಲ್ಲು, ಆಮೇಲೆ ನನ್ನ ಹಳೆಯ ದುಪಟ್ಟಾ. ಯಜಮಾನರು ನೋಡಿ, "ರಾಜನ ಮನೆಗೂ ಹೀಗೆ ಕಟ್ಟಿ ಕಳಿಸಿಲ್ಲ ಕಣಮ್ಮ" ಎಂದರು.

ಅತ್ತಿಗೆಯೇ ಬಿಸಿನೀರಿನಲ್ಲಿ ತೊಳೆದು ಒರೆಸಿ ಕೊಟ್ಟರು. ತೊಳೆದೂ ತೊಳೆದೂ ಬಿರುಕಿನ ಬಣ್ಣ ಸ್ವಲ್ಪ ಮಾಸಿದ ಹಾಗಿದೆ, ನಿನಗೆ ಬೇರೆ ಥರ ಕಂಡರೆ ಅದಕ್ಕೇ. ಗಟ್ಟಿಯಾಗಿ ಉಜ್ಜಬೇಡ.

ತಲುಪಿದ ಕೂಡಲೇ ಬರೆ.

ಪುಟ್ಟಿ


ಜುಲೈ 19

ಪ್ರೀತಿಯ ಪುಟ್ಟಿ,

ಕಪ್ ಬಂತು. ಒಂದು ಚೂರೂ ಮುಕ್ಕಾಗಿಲ್ಲ. ನಿನ್ನ ದುಪಟ್ಟಾ ದಿಂಬಿನ ಮೇಲೆ ಹಾಸಿಕೊಂಡಿದ್ದೇನೆ, ಮನೆಯ ಸೋಪಿನ ವಾಸನೆ ಇನ್ನೂ ಹೋಗಿಲ್ಲ.

ಅವತ್ತು ಸಂಜೆಯೇ ಅದರಲ್ಲಿ ಟೀ ಹಾಕಿಸಿಕೊಂಡೆ. ತುಂಬ ಚೆನ್ನಾಗಿತ್ತು. ಬಿಸಿ ಕೈಗೂ ತಾಗದೆ, ತುಟಿಯನ್ನೂ ಸುಡದೆ. ಒಳಗೆ ಬೆಳ್ಳಗಿದೆಯಲ್ಲ, ಟೀಯ ಬಣ್ಣವೇ ಈಗ ಕಾಣಿಸಿತು. ಇಷ್ಟು ದಿನ ಕುಡಿದದ್ದು ಕೆಂಪೋ ಕಂದೋ ಎಂದೇ ಗೊತ್ತಿರಲಿಲ್ಲ. ಕಂಡಕ್ಟರ್ ಕೈಗೂ ಕೊಟ್ಟೆ. ತಿರುಗಿಸಿ ನೋಡಿ, ಉಗುರಿನಿಂದ ತಟ್ಟಿ, "ಏನ್ ಸ್ವಾಮಿ, ಬಸ್ಸಿನ ಬೆಲ್ ಹಾಗಿದೆ! ಒಂದು ಹೊಡೆದ್ರೆ ನಿಲ್ಲುತ್ತೆ, ಎರಡು ಹೊಡೆದ್ರೆ ಹೊರಡುತ್ತೆ" ಎಂದರು. ಇಡೀ ವಾರ್ಡ್ ನಕ್ಕಿತು.

ನಿನ್ನ ಅತ್ತಿಗೆಗೆ ತೊಳೆದು ಕೊಟ್ಟದ್ದಕ್ಕೆ ಸಂತೋಷವಾಯಿತೆಂದು ಹೇಳು.

ಕಫದ ಪರೀಕ್ಷೆ ಚೆನ್ನಾಗಿ ಬಂದಿದೆ. ನನ್ನಿಂದ ಈಗ ಯಾರಿಗೂ ಅಂಟುವುದಿಲ್ಲ ಎಂದು ಡಾಕ್ಟರ್ ಬರೆದೇ ಕೊಟ್ಟಿದ್ದಾರೆ. ಕಪ್, ತಟ್ಟೆಯಿಂದ ಈ ಕಾಯಿಲೆ ಬರುವುದೇ ಇಲ್ಲವಂತೆ, ಅದನ್ನೂ ಹೇಳಿದರು. ಮುಂದಿನ ತಿಂಗಳು ಹದಿನಾಲ್ಕಕ್ಕೆ ಬರುತ್ತೇನೆ. ಎರಡು ರಾತ್ರಿ ಇರಬಹುದು. ಗುಬ್ಬಿಗೆ ಈಗಲೇ ಹೇಳಬೇಡ, ದಿನ ಎಣಿಸುತ್ತಾ ಕೂರುತ್ತಾಳೆ.

ಅಣ್ಣ


ಆಗಸ್ಟ್ 2

ಅಣ್ಣಾ,

ಸುದ್ದಿ ಓದಿ ಅಂಗಡಿಯಲ್ಲೇ ಅತ್ತುಬಿಟ್ಟೆ. ಗಿರಾಕಿಯೊಬ್ಬರು ಕಪ್ ಒಡೆಯಿತೇನೋ ಎಂದು ಗಾಬರಿಯಾದರು.

ಅತ್ತಿಗೆಗೆ ಡಾಕ್ಟರ್ ಹೇಳಿದ್ದನ್ನು ಓದಿದೆ, ಎರಡು ಸಲ. ಕೇಳಿಸಿಕೊಂಡರು. "ಬರಲಿ, ಅವರ ಮನೆ" ಎಂದರು. ನಿನ್ನ ಕೋಣೆಗೆ ಹೊಸ ಹಾಸಿಗೆ ಬಂದಿದೆ. ಎಲ್ಲ ಸರಿ ಇದೆ, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ. ನೀನು ಸುಮ್ಮನೆ ಬಾ.

ಪುಟ್ಟಿ


ಆಗಸ್ಟ್ 20

ಅಣ್ಣಾ,

ತಲುಪಿದೆಯಾ? ಒಂದು ರಾತ್ರಿಗೇ ಹೊರಟುಬಿಟ್ಟೆಯಲ್ಲ. ಮಾತ್ರೆ ಮರೆತು ಬಂದೆ ಎಂದೆ. ನಾವು ಹಿಡಿದು ನಿಲ್ಲಿಸುವ ಹಾಗೂ ಇರಲಿಲ್ಲ.

ಆದರೂ ಆ ಒಂದು ದಿನ ಎಷ್ಟು ಚೆನ್ನಾಗಿತ್ತು! ಎಲ್ಲರೂ ಮೆಟ್ಟಿಲ ಮೇಲೆ ಕೂತು ಟೀ ಕುಡಿದದ್ದು, ನೀನು ಪೇಪರ್ ಕಪ್ ನೋಡಿ "ಏನಿದು, ಮನೆಯಲ್ಲಿ ಮೀಟಿಂಗಾ?" ಎಂದದ್ದು, ಅತ್ತಿಗೆ ಕೂಡ ನಕ್ಕದ್ದು. ಈಗ ಹೇಳುತ್ತೇನೆ, ಪೇಪರ್ ಕಪ್ ನನ್ನ ಉಪಾಯ. ಒಬ್ಬರಿಗೊಂದು ಥರ ಆಗಬಾರದು, ಎಲ್ಲರಿಗೂ ಒಂದೇ ಕಪ್ ಇರಲಿ ಎಂದು ಎದುರಿನ ಅಂಗಡಿಯಿಂದ ಕಟ್ಟು ಕಟ್ಟಾಗಿ ತಂದೆ. ಪಿಂಗಾಣಿ ಅಂಗಡಿಯವಳು ಪೇಪರ್ ಕಪ್ ಕೊಂಡರೆ ಯಜಮಾನರು ಏನೆನ್ನಬೇಕು! ಆದರೆ ಕೆಲಸ ಮಾಡಿತಲ್ಲ. ನೀನು ನಗುನಗುತ್ತಾ ಕುಡಿದೆ. ನನ್ನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ಡಿಸೆಂಬರಿನಲ್ಲಿ ಪೂರ್ತಿ ಬಂದುಬಿಡುತ್ತೀಯಲ್ಲ? ಗುಬ್ಬಿ ಕೇಳುತ್ತಿದ್ದಾಳೆ.

ಪುಟ್ಟಿ


ಸೆಪ್ಟೆಂಬರ್ 3

ಪುಟ್ಟಿ,

ಉತ್ತರ ಬರೆಯಲು ತಡವಾಯಿತು. ಕಂಡಕ್ಟರ್ ಹೋದರು. ಕೊನೆಯ ಎರಡು ದಿನ ಊಟ ಇಳಿಯುತ್ತಿರಲಿಲ್ಲ. "ನಿಮ್ಮ ಬೆಲ್ ಕಪ್ಪಲ್ಲಿ ಒಂದು ಟೀ ಹಾಕಿ" ಎಂದರು. ನಾನೇ ಹಿಡಿದು ಕುಡಿಸಿದೆ. ಎರಡು ಗುಟುಕು ಕುಡಿದು, "ಇಷ್ಟು ದಿನ ನಮ್ಗೆ ಮೋಸ ಮಾಡಿದಾರೆ ಕಣ್ರೀ. ಟೀ ಅಂದ್ರೆ ಇದು" ಎಂದರು. ಒಂದೇ ಪಾತ್ರೆಯ ಟೀ ಪುಟ್ಟಿ, ಮಗ್ಗಿಗೆ ಹಾಕಿದ್ದೂ ಅದೇ. ಮರುದಿನ ಬೆಳಿಗ್ಗೆ ಠಣ್ ಎಂದಿತು. ನಾನು ಕತ್ತೆತ್ತಲಿಲ್ಲ.

ನೀನು ಕಳಿಸಿದ ಕಪ್ ಹಾಗೆ ಒಬ್ಬರಿಗೆ ಒದಗಿತು. ಅದಕ್ಕೇ ಬೇಸರ ಮಾಡಿಕೊಳ್ಳದೆ ಮುಂದಿನದನ್ನು ಓದು. ಅದು ನನ್ನ ಕಪ್ ಅಲ್ಲ ಎಂದು ನನಗೆ ಮೊದಲ ದಿನವೇ ಗೊತ್ತಾಯಿತು. ಬಿರುಕನ್ನು ನೀನು ಬಣ್ಣದಲ್ಲಿ ಚೆನ್ನಾಗಿ ಬರೆದಿದ್ದೆ, ಕಣ್ಣಿಗೆ ಮೋಸವಾಯಿತು. ಟೀ ಹಾಕಿಸಿಕೊಳ್ಳುವ ಮುಂಚೆ ಅಭ್ಯಾಸದಂತೆ ತಟ್ಟಿದೆ. ಗಂಟೆಯ ಹಾಗೆ ಕೂಗಿತು. ನನ್ನ ಕಪ್ ಜನ್ಮದಲ್ಲಿ ಕೂಗಿದ್ದಲ್ಲ. ನೀನು ಅಂಗಡಿಯಲ್ಲಿ ಒಳ್ಳೆಯದನ್ನೇ ಹುಡುಕಿ ತಟ್ಟಿ ತಟ್ಟಿ ಆರಿಸಿರಬೇಕು. ಪಾಪ, ಕಲಿತ ಕಸುಬು ಎಲ್ಲಿ ಹೋಗುತ್ತದೆ. ಮೂರು ಸಲ ತೊಳೆಯುವುದರಲ್ಲಿ ಬಿರುಕೂ ಹೋಯಿತು. ಬಿರುಕು ವಾಸಿಯಾದ ಕಪ್ ನಾನು ಕಂಡದ್ದು ಇದೇ ಮೊದಲು.

ಆಗ ನಾನು ಏನೂ ಬರೆಯಲಿಲ್ಲ. ನನ್ನ ಕಪ್ ಏನಾಯಿತು ಎಂದು ಊಹಿಸಿದೆ. ಆದರೂ ಮನೆಗೆ ಬಂದು ಕಣ್ಣಲ್ಲಿ ಕಾಣುವವರೆಗೆ ನಂಬಬಾರದು ಎಂದುಕೊಂಡೆ.

ಪೇಪರ್ ಕಪ್ಪಿನಲ್ಲಿ ಟೀ ಹೇಗಿತ್ತು ಎಂದು ನೀನು ಕೇಳಲಿಲ್ಲ. ಹೇಳುತ್ತೇನೆ. ರಟ್ಟಿನ ರುಚಿ. ಎರಡನೆಯ ಗುಟುಕಿಗೆ ಅಂಚು ಮೆತ್ತಗಾಗಿ ತುಟಿಗೆ ಅಂಟುತ್ತದೆ. ಅದನ್ನೂ ಕುಡಿಯುತ್ತಿದ್ದೆ. ಅಡುಗೆಮನೆಯಲ್ಲಿ ಕಪ್‌ಗಳ ಕಪಾಟಿಗೆ ಸೀರೆಯ ತುಂಡು ಹೊದಿಸಿ ಸುತ್ತ ದಾರ ಕಟ್ಟಿದ್ದನ್ನು ನೋಡಿದೆ. ಅದನ್ನೂ ನೋಡದವನಂತೆ ಇದ್ದೆ. ನೀನು ನೀರು ತರಲು ಒಳಗೆ ಹೋದಾಗ ಗುಬ್ಬಿ ನನ್ನ ಕಪ್ ತಟ್ಟಿದಳು. "ಇದು ಮೂಗನಿಗಿಂತ ಮೂಗ ಅಪ್ಪಾ, ಟಪ್ ಕೂಡ ಅನ್ನಲ್ಲ" ಎಂದಳು. ಆಮೇಲೆ ಕಿವಿಯ ಹತ್ತಿರ ಬಂದು ಗುಟ್ಟು ಹೇಳುವಂತೆ ಹೇಳಿದಳು: "ನೀನು ಹೋದ್ಮೇಲೆ ನಾವು ಮತ್ತೆ ಒಳ್ಳೆ ಕಪ್ಪಲ್ಲಿ ಕುಡೀಬಹುದಂತೆ. ಅಮ್ಮ ಹೇಳಿದ್ಲು. ನೀನು ಯಾವಾಗ ಹೋಗ್ತೀಯಾ?"

ಮಗು ಕೆಟ್ಟದ್ದಕ್ಕೆ ಕೇಳಲಿಲ್ಲ. ಅವಳಿಗೆ ಹೂವಿನ ಕಪ್ ಇಷ್ಟ, ನನಗೆ ಗೊತ್ತು. ತಳದ ಗುಟುಕು ಕೊಡಲು ಕಪ್ ಚಾಚಿದೆ. ಅವಳು ಬಾಗಿಲ ಕಡೆ ನೋಡಿ ಕೈ ಹಿಂದೆ ಕಟ್ಟಿಕೊಂಡಳು. ಆಗಲೇ ನನಗೆ ಮಾತ್ರೆ ಮರೆತದ್ದು ನೆನಪಾದದ್ದು.

ನಾನು ಡಿಸೆಂಬರಿಗೆ ಬರುವುದಿಲ್ಲ. ಕೋಪವಿಲ್ಲ. ಇಲ್ಲಿ ವಾರ್ಡಿನ ನೆಲ ಕಿತ್ತು ಹೊಸದಾಗಿ ಹಾಕಿಸಬೇಕಂತೆ. ಮುಂದೆ ನಿಂತು ಮಾಡಿಸು ಎಂದಿದ್ದಾರೆ.

ಅಣ್ಣ


ಸೆಪ್ಟೆಂಬರ್ 15

ಅಣ್ಣಾ,

ಏನು ಬರೆಯಬೇಕು ತಿಳಿಯದೆ ನಾಲ್ಕು ಕಾಗದ ಹರಿದೆ.

ನೀನು ಆಸ್ಪತ್ರೆಗೆ ಹೋದ ದಿನವೇ ಅತ್ತಿಗೆ ನಿನ್ನ ಕಪ್ಪನ್ನು ಬಟ್ಟೆ ಒಗೆಯುವ ಕಲ್ಲಿಗೆ ಬಡಿದು ಒಡೆದರು. ಚೂರುಗಳನ್ನು ಹಿತ್ತಲಲ್ಲಿ ಹೂತರು. ಹಾಸಿಗೆ ಸುಟ್ಟರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ಬಾಯಿ ಬರಲಿಲ್ಲ. ನಿನಗೆ ನೋವಾಗದಿರಲಿ ಎಂದೇ ಎಲ್ಲ ಮಾಡಿದೆ. ಮಾಡಿದ್ದೆಲ್ಲ ನಿನಗೇ ಹೋಗಿ ತಗುಲಿತು.

ನಿನ್ನ ಪತ್ರವನ್ನು ಅತ್ತಿಗೆಯ ಮುಂದಿಟ್ಟೆ. ಓದಿದರು. ಮಡಿಸಿ ನನ್ನ ಕೈಗೇ ಕೊಟ್ಟರು. ಆಮೇಲೆ ನನಗೆ ಈವರೆಗೂ ಹೇಳದ ಒಂದು ವಿಷಯ ಹೇಳಿದರು. ಅವರು ಚಿಕ್ಕವರಿದ್ದಾಗ ಅವರ ದೊಡ್ಡಣ್ಣನಿಗೆ ಇದೇ ಕಾಯಿಲೆ. ಅವರಮ್ಮ ಮಗನನ್ನು ಬೇರೆ ಕೂರಿಸಲಾರದೆ ಎಲ್ಲರಿಗೂ ಒಂದೇ ತಟ್ಟೆಯಲ್ಲಿ ಕಲಸಿ ತುತ್ತು ಕೊಡುತ್ತಿದ್ದರಂತೆ. ದೊಡ್ಡಣ್ಣ ಹೋದ. ಅವನ ಹಿಂದೆ ಇಬ್ಬರು ತಂಗಿಯರೂ ಹೋದರು. ಉಳಿದದ್ದು ಇವರೊಬ್ಬರೇ. "ತಟ್ಟೆಯಿಂದ ಬರಲ್ಲ, ಕೆಮ್ಮಿನ ಗಾಳಿಯಿಂದ ಬರೋದು ಅಂತ ಡಾಕ್ಟರ್ ಹೇಳ್ತಾರೆ ಅತ್ತಿಗೆ" ಎಂದೆ. "ಡಾಕ್ಟರಿಗೆ ಗೊತ್ತಿರುತ್ತೆ. ನನ್ನ ಕಣ್ಣಿಗೆ ಕಂಡಿದ್ದು ಆ ತಟ್ಟೆ" ಎಂದರು. ಇನ್ನೊಂದು ಮಾತೂ ಹೇಳಿದರು: "ಅವರು ಕುಡಿದ ಕಪ್ಪಲ್ಲಿ ನಾನು ಕುಡೀತೀನಿ ಪುಟ್ಟಿ. ಈಗ ಬೇಕಾದ್ರೂ ಕುಡೀತೀನಿ. ಗುಬ್ಬಿಗೆ ಕುಡಿಸಲಾರೆ."

ಅವರ ಮೇಲೆ ನನಗಿದ್ದ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯುತ್ತಿಲ್ಲ.

ನೀನು ಬರದಿದ್ದರೆ ಗುಬ್ಬಿ ತನ್ನ ಮಾತಿನಿಂದಲೇ ಅಪ್ಪ ಬರಲಿಲ್ಲ ಎಂದು ಒಂದು ದಿನ ಅರ್ಥ ಮಾಡಿಕೊಳ್ಳುತ್ತಾಳೆ. ಅದಕ್ಕಾದರೂ ಬಾ.

ಪುಟ್ಟಿ


ಅಕ್ಟೋಬರ್ 10

ಪುಟ್ಟಿ,

ನಿನ್ನ ಅತ್ತಿಗೆ ಇಷ್ಟು ವರ್ಷ ನನಗೂ ಹೇಳಿರಲಿಲ್ಲ. ಒಂದೇ ಮನೆಯಲ್ಲಿ ಇದ್ದೆವು. ಅವಳಿಗೆ ಹೇಳು, ಕಪ್ ಒಡೆದದ್ದು ಸರಿ. ನಾನೂ ಅವಳ ಜಾಗದಲ್ಲಿದ್ದರೆ ಒಡೆಯುತ್ತಿದ್ದೆ.

ಗುಬ್ಬಿಯ ವಿಷಯ ಬರೆದೆಯಲ್ಲ, ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಅವಳಿಗೆ ಹೇಳು, ಅಪ್ಪ ನೆಲ ಹಾಕುತ್ತಿದ್ದಾನೆ, ಮುಗಿದ ಮೇಲೆ ಬರುತ್ತಾನೆ ಎಂದು.

ನಿನಗೆ ಬೇರೆಯದನ್ನು ಹೇಳಬೇಕು. ನೆಲದ ಕೆಲಸ ನಾನು ಮಾಡುತ್ತಿಲ್ಲ. ಹೋದ ತಿಂಗಳೇ ಕೆಳಗೆ ಕೂರಲು ಆಗದೆ ಬಿಟ್ಟೆ. ಟಿಬಿ ಬಹುಮಟ್ಟಿಗೆ ಹೋಗಿದೆ, ಅದಂತೂ ನಿಜ. ಆದರೆ ಇಷ್ಟು ವರ್ಷ ಮುಖಕ್ಕೆ ಬಟ್ಟೆ ಕಟ್ಟದೆ ಟೈಲ್ಸ್, ಕಲ್ಲು ಕೊಯ್ದೆನಲ್ಲ, ಆ ಪುಡಿ ಒಳಗೆ ಕೂತುಬಿಟ್ಟಿದೆ. ಅದಕ್ಕೆ ಮಾತ್ರೆ ಇಲ್ಲವಂತೆ. ಡಾಕ್ಟರ್ ಈಗಲೂ ತಟ್ಟುತ್ತಾರೆ. ಬಲಗಡೆ ಮೇಲಿನಿಂದ ಕೆಳಗಿನವರೆಗೆ ಗಟ್ಟಿ, ಎಡಗಡೆ ಅರ್ಧ ಗಟ್ಟಿ. ಎಲ್ಲೂ ಟೊಳ್ಳಿಲ್ಲದ ಕೆಲಸ. ಬೇರೆಯವರ ನೆಲವಾಗಿದ್ದರೆ ಮೇಸ್ತ್ರಿಯನ್ನು ಹೊಗಳಿ ಕೂಲಿ ಕೊಟ್ಟು ಕಳಿಸುತ್ತಿದ್ದೆ.

ಇದು ಯಾರಿಗೂ ಅಂಟುವ ಕಾಯಿಲೆಯಲ್ಲ. ಆದರೆ ಮನೆಯಲ್ಲಿ ಕೆಮ್ಮುತ್ತಾ ಮಲಗಿದರೆ ನಿನ್ನ ಅತ್ತಿಗೆಗೆ ದೊಡ್ಡಣ್ಣನೇ ಕಾಣುತ್ತಾನೆ. ಅವಳಿಗೆ ಈಗಲೇ ಹೇಳಬೇಡ.

ಅಣ್ಣ


ನವೆಂಬರ್ 24

ಅಣ್ಣಾ,

ಮೂರು ಪತ್ರ ಹಾಕಿದೆ, ಉತ್ತರವಿಲ್ಲ. ಫೋನ್ ಮಾಡಿದರೆ, "ಇದ್ದಾರೆ, ಮಲಗಿದ್ದಾರೆ" ಎನ್ನುತ್ತಾರೆ. ನೀನು ಬೇಡ ಎಂದಿದ್ದರೂ ನಾನು ಅತ್ತಿಗೆಗೆ ಎಲ್ಲ ಹೇಳಿದೆ. ಸಾಕು ಅಣ್ಣಾ, ಮುಚ್ಚಿಟ್ಟು ಮುಚ್ಚಿಟ್ಟು ನಾವು ಏನು ಉಳಿಸಿಕೊಂಡೆವು?

ನಿನ್ನೆ ಅತ್ತಿಗೆ ಅಂಗಡಿಗೆ ಬಂದರು, ಮೊದಲ ಸಲ. ಬೇರೆ ಗಿರಾಕಿಗಳ ಹಾಗೆಯೇ ಕಪಾಟಿನ ಮುಂದೆ ನಿಂತು ಒಂದೊಂದೇ ಕಪ್ ತೆಗೆದು ನೋಡಿದರು. ಕೊನೆಗೆ ನೀಲಿ ಗೆರೆಯದೊಂದನ್ನು ತುಟಿಗಿಟ್ಟು, ಕಣ್ಣು ಮುಚ್ಚಿ, ಇಲ್ಲದ ಟೀಯನ್ನು ಕುಡಿದರು. "ಇದು ಕೊಡು" ಎಂದರು. ತಟ್ಟಿದೆ, ಟಪ್ ಎಂದಿತು. "ಇದು ಬೇಡ ಅತ್ತಿಗೆ, ಒಳಗೆಲ್ಲೋ ಬಿರುಕಿದೆ" ಎಂದೆ. "ಅದಕ್ಕೇ ಇದೇ ಇರಲಿ. ಹಳೇದು ಹೀಗೇ ಅಲ್ವಾ ಅನ್ನುತ್ತಿದ್ದದ್ದು?" ಎಂದರು. ಒಡೆದವರಿಗೂ ಸದ್ದು ನೆನಪಿದೆ ಅಣ್ಣಾ.

ಭಾನುವಾರ ಮೂವರೂ ಬರುತ್ತಿದ್ದೇವೆ. ಅತ್ತಿಗೆ ಫ್ಲಾಸ್ಕಿನಲ್ಲಿ ಟೀ ತರುತ್ತಾರೆ. ಅದೇ ಕಪ್ಪಿನಲ್ಲಿ ನೀನು ಕುಡಿದ ಮೇಲೆ ತಾನು ಕುಡಿಯುತ್ತೇನೆ, ಗುಬ್ಬಿಯ ಕಣ್ಣೆದುರಿಗೇ ಎಂದಿದ್ದಾರೆ. ಗುಬ್ಬಿಯನ್ನು ಮಾತ್ರ ಕಿಟಕಿಯಾಚೆ ನಿಲ್ಲಿಸುತ್ತಾರಂತೆ. ಆಗಲಿ ಎಂದೆ. ಅಷ್ಟು ದೂರ ಬರುವುದೇ ಅವರಿಗೆ ಎಷ್ಟು ದೂರವೋ.

ಭಾನುವಾರದವರೆಗೆ ಇರು.

ಪುಟ್ಟಿ


ನವೆಂಬರ್ 25

ಪುಟ್ಟಿ,

ಇದು ನನ್ನ ಅಕ್ಷರವಲ್ಲ. ಸಿಸ್ಟರ್ ಬರೆಯುತ್ತಿದ್ದಾರೆ, ನಾನು ಹೇಳುತ್ತಿದ್ದೇನೆ. ನಡುನಡುವೆ ನಿಲ್ಲಿಸುತ್ತೇನೆ, ಅವರು ಕಾಯುತ್ತಾರೆ. ನಿನ್ನ ಮೂರು ಪತ್ರಗಳೂ ಬಂದಿವೆ, ದಿಂಬಿನ ಕೆಳಗಿವೆ. ಬೇಜಾರು ಮಾಡಿಕೊಂಡಿಲ್ಲ. ಕೈ ಏಳುವುದಿಲ್ಲ, ಅಷ್ಟೇ.

ಮನೆಯವರನ್ನು ಕರೆಸಲೇ ಎಂದು ಡಾಕ್ಟರ್ ಕೇಳಿದರು. ಬೇಡ ಎಂದೆ. ನನಗೆ ಇನ್ನೆಷ್ಟು ದಿನ ಎಂದು ಕೇಳಿದೆ. ಅವರು ಕ್ಯಾಲೆಂಡರ್ ಕಡೆ ನೋಡಲಿಲ್ಲ, ಗಡಿಯಾರದ ಕಡೆ ನೋಡಿದರು.

ನೀನು ಕಳಿಸಿದ ಕಪ್ಪನ್ನು ಕಂಡಕ್ಟರ್ ಮಂಚಕ್ಕೆ ಬಂದ ಹೊಸಬರಿಗೆ ಕೊಟ್ಟೆ. ಅವರೂ ಮಗ್ಗಿಗೆ ಟವೆಲ್ ಸುತ್ತಿಕೊಂಡು ಊದುತ್ತಿದ್ದರು. ಈಗ ಟೀ ಬಂದಾಗ ಅವರ ಮುಖ ನೋಡುತ್ತೇನೆ. ನನಗೆ ಮಗ್ ಸಾಕು. ಎರಡು ಚಮಚ ಟೀಗೆ ಯಾವುದಾದರೇನು.

ಆ ಮಗ್ಗಿನ ವಿಷಯ ಹೇಳಲೇ ಇಷ್ಟು ಬರೆಸಿದ್ದು. ತೂತು ಹೊಡೆದ ಮೇಲೆ ಗುಜರಿಗೆ ಹಾಕದೆ ಮನೆಗೆ ಕಳಿಸಿ ಎಂದಿದ್ದೇನೆ, ಸಿಸ್ಟರ್ ಒಪ್ಪಿದ್ದಾರೆ. ಕುದಿಯುವ ನೀರಿಗೆ ಹಾಕಿ ತೆಗೆದು ಕಳಿಸುತ್ತಾರೆ. ಬಂದಾಗ ಗಾಬರಿಯಾಗಬೇಡ. ತಳದಲ್ಲಿ ತೂತಿದ್ದರೆ ನೀರು ನಿಲ್ಲುವುದಿಲ್ಲ, ಬೇರು ಕೊಳೆಯುವುದಿಲ್ಲ. ಮಣ್ಣು ತುಂಬಿ, ಏನಾದರೂ ಒಂದು ಸಣ್ಣ ಗಿಡ ಹಾಕಿ ಗುಬ್ಬಿಗೆ ಕೊಡು. ತಟ್ಟಿ ನೋಡಲಿ, ಅದಕ್ಕೆ ಸದ್ದಿದೆ.

ನಿನ್ನ ಅತ್ತಿಗೆಗೂ ಹೇಳು. ಅದರಲ್ಲಿ ಇನ್ನು ಯಾರೂ ಟೀ ಕುಡಿಯಲಾಗುವುದಿಲ್ಲ. ಗುಬ್ಬಿ ಮುಟ್ಟಬಹುದು.

ಅಣ್ಣ